ಚಿನ್ನಕ್ಕೂ ಜಳಕ ಬೇಕು

ಹೋದ ತಿಂಗಳು ಇದೇ ಪುಟದಲ್ಲಿ ಬಯೋಸೆನ್ಸರ್ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಚಿನ್ನದ ತೆಳು ಪದರದ ಮೇಲೆ ಪ್ರತಿಕಾಯವನ್ನೋ ಕಿಣ್ವವನ್ನೋ ಡಿಎನ್‌ಎ ತುಣುಕನ್ನೋ ಕೂರಿಸುತ್ತಾರೆ. ಅದು ತನಗೆ ಬೇಕಾದ ವಸ್ತುವನ್ನು ಹಿಡಿದಾಗ ಕರೆಂಟಿನಲ್ಲಿ ಅಥವಾ ಬೆಳಕಿನಲ್ಲಿ ಆಗುವ ಬದಲಾವಣೆಯನ್ನು ಅಳೆಯುತ್ತಾರೆ, ಅಷ್ಟೇ. ಕೊನೆಯಲ್ಲಿ ‘ಕೆಲವು ಚಿಪ್‌ಗಳನ್ನು ತೊಳೆದು ಮತ್ತೆ ಬಳಸಬಹುದು’ ಅಂತ ಒಂದು ಸಾಲು ಸೇರಿಸಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೆಯೇ! ಹೇಗೆ ತೊಳೆಯೋದು, ಯಾವುದರಿಂದ, ಎಷ್ಟು ಸಲ? ಈ ಸಲ ಪೂರ್ತಿ ಪುಟ ಅದಕ್ಕೇ ಇಟ್ಟಿದ್ದೇನೆ.

ಮೇಡಂ, ನಮಸ್ಕಾರ. ನಾವು ಬೆಳಗಾವಿ ಶಹಾಪುರದಲ್ಲಿ ಮೂರು ತಲೆಮಾರಿನಿಂದ ಪತ್ತಾರಿಕೆ ಮಾಡುವವರು. ಮಗಳು ಬಯೋಟೆಕ್ನಾಲಜಿ ಓದುತ್ತಾಳೆ. ಲ್ಯಾಬಿನಲ್ಲಿ ಇಡೀ ದಿನ ಚಿನ್ನ ತೊಳೆಯೋದೇ ಕೆಲಸ ಅನ್ನುತ್ತಾಳೆ. ಚಿನ್ನಕ್ಕೆ ತುಕ್ಕು ಹಿಡಿಯೋದಿಲ್ಲ. ನಮ್ಮ ಅಂಗಡಿಯಲ್ಲಿ ಅಂಟುವಾಳದ ನೀರಲ್ಲಿ ಬ್ರಷ್ ಹಾಕಿದರೆ ಫಳಫಳ ಹೊಳೆಯುತ್ತದೆ. ಇವರಿಗೆ ಇನ್ನೇನು ಕೊಳೆ ಕಾಣುತ್ತದೆ?

ಪತ್ತಾರ ಅಣ್ಣ, ನಿಮ್ಮ ಮಾತು ನಿಜ. ತುಕ್ಕು ಹಿಡಿಯೋದಿಲ್ಲ. ಆದರೆ ಹೊಳಪು ಬೇರೆ, ಸ್ವಚ್ಛ ಬೇರೆ. ಮಗಳು ಹುಡುಕುತ್ತಿರುವ ಕೊಳೆ ಕಣ್ಣಿಗೆ ಕಾಣುವುದಲ್ಲ.

ಈಗ ತಾನೇ ಚೆನ್ನಾಗಿ ಶುದ್ಧ ಮಾಡಿದ ಚಿನ್ನದ ಮೇಲೆ ಒಂದು ಹನಿ ಭಟ್ಟಿ ಇಳಿಸಿದ ನೀರು ಬಿಡಿ. ಹನಿ ನಿಲ್ಲೋದಿಲ್ಲ, ಹಾಳೆಯ ಹಾಗೆ ಹರಡಿಕೊಳ್ಳುತ್ತದೆ. ಅದೇ ಚಿನ್ನವನ್ನು ಸುಮ್ನೆ ಮೇಜಿನ ಮೇಲೆ ಒಂದು ತಾಸು ಇಟ್ಟು ನೋಡಿ. ಈಗ ನೀರು ಗುಂಡಗೆ ಮಣಿಯ ಹಾಗೆ ಕೂರುತ್ತದೆ. ಯಾರೂ ಮುಟ್ಟಿಲ್ಲ, ಏನೂ ಚೆಲ್ಲಿಲ್ಲ. ಗಾಳಿಯಲ್ಲಿರುವ ಎಣ್ಣೆಯ ಆವಿ, ವಾಹನಗಳ ಹೊಗೆ, ಪೇಂಟಿನ ವಾಸನೆ, ಹೀಗೆ ಇಂಗಾಲದ ಸಣ್ಣ ಸಣ್ಣ ಅಣುಗಳು ಬಂದು ಕೂತಿವೆ. ಶುದ್ಧ ಚಿನ್ನ ಅವನ್ನು ನಿಮಿಷಗಳಲ್ಲೇ ಎಳೆದುಕೊಳ್ಳಲು ಶುರು ಮಾಡುತ್ತದೆ. ಒಡವೆಗೆ ಇದರಿಂದ ಏನೂ ತೊಂದರೆಯಿಲ್ಲ. ಸೆನ್ಸರ್‌ಗೆ ಮಾತ್ರ ಇದೇ ದೊಡ್ಡ ತೊಂದರೆ.

ಯಾಕೆ ಅಂದರೆ, ಚಿನ್ನ ಮತ್ತು ಗಂಧಕದ ನಡುವೆ ಗಟ್ಟಿ ನಂಟು ಇದೆ. ಒಂದು ತುದಿಯಲ್ಲಿ ಗಂಧಕ ಇರುವ ಥಯೋಲ್ ಅನ್ನುವ ಅಣುಗಳನ್ನು ಎಥನಾಲ್‌ನಲ್ಲಿ ಕರಗಿಸಿ, ಅದರಲ್ಲಿ ಚಿನ್ನವನ್ನು ಒಂದು ರಾತ್ರಿ ಮುಳುಗಿಸಿಟ್ಟರೆ ಸಾಕು. ಅವು ತಾವಾಗಿಯೇ ಒತ್ತೊತ್ತಾಗಿ, ಜೋಳದ ಹೊಲದ ದಂಟಿನ ಹಾಗೆ ಸಾಲಾಗಿ ನಿಲ್ಲುತ್ತವೆ. 1983ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ನುಝೋ ಮತ್ತು ಡೇವಿಡ್ ಅಲಾರಾ ಗಂಧಕದ ಅಣುಗಳು ಚಿನ್ನದ ಮೇಲೆ ಹೀಗೆ ಶಿಸ್ತಾಗಿ ಪದರ ಕಟ್ಟುವುದನ್ನು ತೋರಿಸಿದರು. ಆ ಪದರದ ದಪ್ಪ ಒಂದೆರಡು ನ್ಯಾನೋಮೀಟರ್ (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಒಂದು ಪಾಲು ಒಂದು ನ್ಯಾನೋಮೀಟರ್). ಅದರ ತಲೆಯ ಮೇಲೆ ಪ್ರತಿಕಾಯವನ್ನು ಕಟ್ಟುತ್ತಾರೆ. ಕೆಳಗೆ ಜಿಡ್ಡು ಇದ್ದರೆ ದಂಟು ಅಲ್ಲಲ್ಲಿ ಮಾತ್ರ ನಾಟುತ್ತದೆ, ಉಳಿದ ಕಡೆ ಹೊಲ ಬೋಳು. ಆ ಬೋಳು ಜಾಗಕ್ಕೆ ಬೇಡದ ಪ್ರೋಟೀನೆಲ್ಲ ಬಂದು ಅಂಟಿ ಸುಳ್ಳು ಸಿಗ್ನಲ್ ಕೊಡುತ್ತದೆ.

ಇನ್ನೊಂದು ವ್ಯತ್ಯಾಸ ನಿಮಗೆ ಬೇಗ ಹೊಳೆಯುತ್ತದೆ. ನೀವು ಕೆಲಸ ಮಾಡುವುದು ಹೆಚ್ಚಾಗಿ 22 ಕ್ಯಾರೆಟ್‌ನಲ್ಲಿ, ಅಂದರೆ 916. ಉಳಿದದ್ದು ತಾಮ್ರ, ಬೆಳ್ಳಿ. ಲ್ಯಾಬಿನಲ್ಲಿ ಸಾಮಾನ್ಯವಾಗಿ 99.99ರ ಚಿನ್ನವೇ ಬೇಕು, ಇಲ್ಲದಿದ್ದರೆ ತಾಮ್ರವೂ ಬೆಳ್ಳಿಯೂ ತಮ್ಮದೇ ಸಿಗ್ನಲ್ ಕೊಡುತ್ತವೆ. ಬೆಳಕಿನಿಂದ ಅಳೆಯುವ ಚಿಪ್ ಆದರೆ ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ಚಿನ್ನ ಇರುತ್ತದೆ. ಅದು ಗಾಜಿಗೆ ನೇರವಾಗಿ ಅಂಟೋದಿಲ್ಲ ಅಂತ ಕೆಳಗೆ ಎರಡರಿಂದ ಐದು ನ್ಯಾನೋಮೀಟರ್ ಕ್ರೋಮಿಯಂ ಅಥವಾ ಟೈಟಾನಿಯಂ ಹಾಕಿರುತ್ತಾರೆ. ಇಂಥ ಪದರಕ್ಕೆ ನಿಮ್ಮ ಬ್ರಷ್ ತಾಗಿದರೆ ಚಿನ್ನವೇ ಎದ್ದು ಬರುತ್ತದೆ! ಬೆಂಕಿಯಲ್ಲಿ ಕಾಯಿಸುವ ನಿಮ್ಮ ಪದ್ಧತಿ ಮಾತ್ರ ಲ್ಯಾಬಿನಲ್ಲೂ ಇದೆ. ಅಭ್ರಕದ ಮೇಲೆ ಹಾಕಿದ ಚಿನ್ನವನ್ನು ಸಣ್ಣ ಜ್ವಾಲೆಯಲ್ಲಿ ಹಾಯಿಸಿದರೆ ಜಿಡ್ಡು ಸುಡುತ್ತದೆ, ಮೇಲ್ಮೈ ಅಣುಮಟ್ಟದಲ್ಲಿ ಸಮತಟ್ಟಾಗುತ್ತದೆ. ಅದಕ್ಕೆ ಕೈಯ ಹದ ಬೇಕು. ಆ ಹದ ಮಗಳಿಗೆ ನಿಮ್ಮಿಂದಲೇ ಬರಬಹುದು, ಒಂದು ದಿನ ಕೂರಿಸಿಕೊಂಡು ಹೇಳಿಕೊಡಿ.

ಮೇಡಂ, ನಾನು ವಿಜಯಪುರದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದೇನೆ. 2 ಮಿ.ಮೀ. ಅಗಲದ ಚಿನ್ನದ ಡಿಸ್ಕ್ ಎಲೆಕ್ಟ್ರೋಡ್ (ದ್ರಾವಣಕ್ಕೆ ಕರೆಂಟು ಹಾಯಿಸುವ ತುದಿ) ಒಂದೇ ಇದೆ, ನಾಲ್ಕು ಜನ ಹಂಚಿಕೊಳ್ಳುತ್ತೇವೆ. ಮೊದಲ ಸಲ ಸಿಗ್ನಲ್ ಚೆನ್ನಾಗಿ ಬರುತ್ತದೆ. ತೊಳೆದು ಎರಡನೇ ಸಲ ಪದರ ಕಟ್ಟಿದರೆ ಅರ್ಧಕ್ಕೆ ಇಳಿಯುತ್ತದೆ. ಮೂರನೇ ಸಲ ಇದ್ದಕ್ಕಿದ್ದಂತೆ ಏರುತ್ತದೆ. ಎಲೆಕ್ಟ್ರೋಡ್ ಎಷ್ಟು ಸ್ವಚ್ಛ ಅಂತ ನೋಡುವ ಫೆರಿಸಯನೈಡ್ ಪರೀಕ್ಷೆಯಲ್ಲಿ, ವೋಲ್ಟೇಜ್ ಏರಿಸಿ ಇಳಿಸಿದಾಗ ಕರೆಂಟಿನ ಗೆರೆಯಲ್ಲಿ ಕಾಣುವ ಎರಡು ಶಿಖರಗಳ ಅಂತರ 150 ಮಿಲಿವೋಲ್ಟ್ ಬರುತ್ತಿದೆ. ನಾವು ಎಥನಾಲ್‌ನಿಂದ ತೊಳೆದು ಟಿಶ್ಯೂದಿಂದ ಒರೆಸುತ್ತೇವೆ. ತಪ್ಪು ಎಲ್ಲಿದೆ?

ತಂಗಿ, ತಪ್ಪು ಎರಡೂ ಕಡೆ ಇದೆ, ಎಥನಾಲ್‌ನಲ್ಲೂ ಟಿಶ್ಯೂದಲ್ಲೂ. ಎಥನಾಲ್ ಮೇಲೆ ಸಡಿಲವಾಗಿ ಕೂತ ಜಿಡ್ಡನ್ನು ಒಯ್ಯುತ್ತದೆ. ಗಂಧಕದಿಂದ ಕಟ್ಟಿಕೊಂಡ ಹಳೆ ಥಯೋಲ್ ಪದರ ಅದಕ್ಕೆ ಜಗ್ಗೋದಿಲ್ಲ. ಅಂದರೆ ನೀವು ಎರಡನೇ ಸಲ ಹಳೆ ಸುಣ್ಣ ಕೆರೆಯದೆ ಹೊಸ ಬಣ್ಣ ಬಳಿದಿದ್ದೀರಿ. ಇನ್ನು ಟಿಶ್ಯೂ. ಅದು ಮೆತ್ತಗೆ ಅನ್ನಿಸಿದರೂ ಅದರಲ್ಲಿ ಸಿಕ್ಕ ದೂಳಿನ ಕಣ ಮೆತ್ತನೆಯ ಚಿನ್ನಕ್ಕೆ ಗೀರು ಹಾಕಬಹುದು. ಗೀರು ಬಿದ್ದಷ್ಟೂ ಮೇಲ್ಮೈ ಒರಟಾಗುತ್ತದೆ, ಒರಟಾದಷ್ಟೂ ನಿಜವಾದ ವಿಸ್ತೀರ್ಣ ಜಾಸ್ತಿ. ಮೂರನೇ ಸಲ ಸಿಗ್ನಲ್ ಏರಿದ್ದಕ್ಕೆ ಬಹುಶಃ ಅದೇ ಕಾರಣ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ.

ಮೊದಲು ಹಳೆ ಪದರವನ್ನು ಕರೆಂಟಿನಿಂದ ಬಿಡಿಸಿ. 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಎಲೆಕ್ಟ್ರೋಡ್ ಇಟ್ಟು, ವೋಲ್ಟೇಜನ್ನು ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ಗೆ ಹೋಲಿಸಿ ಸುಮಾರು ಮೈನಸ್ 1.0ರಿಂದ ಮೈನಸ್ 1.3 ವೋಲ್ಟ್‌ವರೆಗೆ ಹಲವು ಸುತ್ತು ಓಡಿಸಿ. ಅಲ್ಲಿ ಗಂಧಕ-ಚಿನ್ನದ ಬಂಧ ಎಲೆಕ್ಟ್ರಾನ್ ತೆಗೆದುಕೊಂಡು ಕಳಚುತ್ತದೆ. ಉದ್ದ ಬಾಲದ ಥಯೋಲ್ ಆದರೆ ನೀರಿನಲ್ಲಿ ಕರಗದೆ ಅಲ್ಲೇ ಸುತ್ತಾಡಿ ಮತ್ತೆ ಬಂದು ಕೂರುತ್ತದೆ, ಹಾಗಾಗಿ ವೋಲ್ಟೇಜ್ ತೆಗೆದ ಕೂಡಲೇ ಎಥನಾಲ್‌ನಿಂದ ತೊಳೆಯಿರಿ. ನಿಮ್ಮ ಎಥನಾಲ್‌ಗೆ ಇಲ್ಲಿ ಕೆಲಸವಿದೆ ನೋಡಿ.

ಆಮೇಲೆ ಉಜ್ಜುವುದು. ಪಾಲಿಶ್ ಬಟ್ಟೆಯ ಮೇಲೆ 0.3 ಮೈಕ್ರಾನ್ ಕಣದ ಅಲ್ಯುಮಿನಾ ಅನ್ನುವ ಉಜ್ಜುವ ಪುಡಿ, ನಂತರ ಬೇರೆ ಬಟ್ಟೆಯ ಮೇಲೆ 0.05 ಮೈಕ್ರಾನ್. ಎರಡಕ್ಕೂ ಒಂದೇ ಬಟ್ಟೆ ಬೇಡ, ಒಂದು ದಪ್ಪ ಕಣ ಉಳಿದರೂ ಗೀರು ಬೀಳುತ್ತದೆ. ಎಲೆಕ್ಟ್ರೋಡನ್ನು ನೆಟ್ಟಗೆ ಹಿಡಿದು, ಒತ್ತಡ ಹಾಕದೆ, 8 ಬರೆದ ಹಾಗೆ ತಿರುಗಿಸಿ. ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಒಂದೇ ಕಡೆ ಸವೆಯುತ್ತದೆ. ಉಜ್ಜಿದ ಮೇಲೆ ಶಬ್ದದ ಅಲೆಯಿಂದ ಅಲುಗಿಸಿ ತೊಳೆಯುವ ಸೋನಿಕೇಟರ್‌ನಲ್ಲಿ ಎಥನಾಲ್‌ನಲ್ಲಿ ಸ್ವಲ್ಪ ಹೊತ್ತು, ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಅಲ್ಯುಮಿನಾ ಪುಡಿ ಪೂರ್ತಿ ಬಿಡಿಸಿ. ಪ್ರತಿ ಸಲ ಇದು ಬೇಕಿಲ್ಲ, ಗೀರು ಕಂಡಾಗ ಅಥವಾ ಉಳಿದ ಉಪಾಯ ಸೋತಾಗ ಸಾಕು.

ಕೊನೆಗೆ 0.5 ಮೋಲಾರ್ ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ 0ಯಿಂದ 1.5 ವೋಲ್ಟ್‌ವರೆಗೆ ಸುತ್ತು ಹಾಕಿಸಿ. ಇದು ನನಗೆ ತುಂಬ ಇಷ್ಟವಾದ ಹಂತ, ಯಾಕೆ ಅಂದರೆ ಇಲ್ಲಿ ಚಿನ್ನ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೇಲೆ ಹೋಗುವಾಗ ಚಿನ್ನದ ಮೇಲ್ಪದರ ಆಕ್ಸೈಡ್ ಆಗುತ್ತದೆ, ಅದರ ಜೊತೆ ಉಳಿದ ಕೊಳೆಯೂ ಉರಿದು ಹೋಗುತ್ತದೆ. ಕೆಳಗೆ ಬರುವಾಗ ಸುಮಾರು 0.9 ವೋಲ್ಟ್ ಹತ್ತಿರ ಆಕ್ಸೈಡ್ ಮತ್ತೆ ಚಿನ್ನವಾಗುತ್ತದೆ, ಅಲ್ಲಿ ಒಂದು ಚೂಪಾದ ಶಿಖರ ಬರುತ್ತದೆ. ಮೊದಲ ಸುತ್ತುಗಳು ಒಂದರ ಹಾಗೆ ಒಂದಿರೋದಿಲ್ಲ. ಒಂದರ ಮೇಲೊಂದು ಗೆರೆ ಸರಿಯಾಗಿ ಕೂರುವವರೆಗೂ ಬಿಡಬೇಡಿ.

ಈ ಶಿಖರದ ಕೆಳಗಿನ ಚಾರ್ಜನ್ನು ಲೆಕ್ಕ ಹಾಕಿ. ಚಿನ್ನದ 1 ಚದರ ಸೆಂ.ಮೀ.ಗೆ ಸುಮಾರು 390 ಮೈಕ್ರೊಕೂಲಂಬ್ ಅಂತ ಹಿಡಿಯುತ್ತಾರೆ. ನಿಮಗೆ 18 ಮೈಕ್ರೊಕೂಲಂಬ್ ಬಂತು ಅಂದುಕೊಳ್ಳಿ. 18ನ್ನು 390ರಿಂದ ಭಾಗಿಸಿದರೆ 0.046 ಚದರ ಸೆಂ.ಮೀ. ಆದರೆ 2 ಮಿ.ಮೀ. ಡಿಸ್ಕಿನ ಅಳತೆಯ ವಿಸ್ತೀರ್ಣ 0.031 ಮಾತ್ರ. ಅಂದರೆ ನಿಮ್ಮ ಚಿನ್ನ ಕಾಣುವುದಕ್ಕಿಂತ ಒಂದೂವರೆ ಪಟ್ಟು ದೊಡ್ಡದು, ಅದು ಅದರ ಒರಟುತನ. ಪ್ರತಿ ಸಲ ತೊಳೆದ ಮೇಲೆ ಈ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ನಾಲ್ಕೂ ಜನ ಒಂದೇ ನೋಟ್‌ಬುಕ್ಕಿನಲ್ಲಿ. ಸಿಗ್ನಲನ್ನು ಇದರಿಂದ ಭಾಗಿಸಿ ನೋಡಿದಾಗ ನಿಮ್ಮ ಏರಿಳಿತದ ದೊಡ್ಡ ಪಾಲು ಮಾಯವಾದರೂ ಆಗಬಹುದು.

ನೀರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಉಪ್ಪು. ಉಪ್ಪು ಅಂದರೆ ಕ್ಲೋರೈಡ್. ಆ್ಯಸಿಡ್ ಸುತ್ತಿನಲ್ಲಿ ಕ್ಲೋರೈಡ್ ಇದ್ದರೆ ಮೇಲಿನ ವೋಲ್ಟೇಜಿನಲ್ಲಿ ಚಿನ್ನ ಕರಗಲು ಶುರುವಾಗುತ್ತದೆ. ಬೀಕರನ್ನು ನಲ್ಲಿ ನೀರಲ್ಲಿ ತೊಳೆದು ಹಾಗೇ ಬಳಸಿದರೂ ಸಾಕು, ಅನಾಹುತ. ಸಿಲ್ವರ್ ಕ್ಲೋರೈಡ್ ರೆಫರೆನ್ಸ್‌ನೊಳಗಿನ ಪೊಟ್ಯಾಸಿಯಂ ಕ್ಲೋರೈಡ್ ಸೋರಿದರೂ ಅದೇ ಕಥೆ, ಆದ್ದರಿಂದ ಆ್ಯಸಿಡ್ ಹಂತಕ್ಕೆ ಎರಡು ಜೋಡಣೆಯ (ಡಬಲ್ ಜಂಕ್ಷನ್) ರೆಫರೆನ್ಸ್ ಅಥವಾ ಮರ್ಕ್ಯುರಿ ಸಲ್ಫೇಟ್ ರೆಫರೆನ್ಸ್ ಒಳ್ಳೆಯದು. ಮರ್ಕ್ಯುರಿ ಸಲ್ಫೇಟ್ ಬಳಸಿದರೆ ಮೇಲೆ ಹೇಳಿದ ವೋಲ್ಟ್ ಸಂಖ್ಯೆಗಳೂ ಬದಲಾಗುತ್ತವೆ, ಮರೆಯಬೇಡಿ.

ಫೆರಿಸಯನೈಡ್ ಅಂತರ ಲೆಕ್ಕದ ಪ್ರಕಾರ 59 ಮಿಲಿವೋಲ್ಟ್ ಇರಬೇಕು. ನಿಜ ಜೀವನದಲ್ಲಿ 70, 80 ಬಂದರೆ ಖುಷಿಪಡಿ. 150 ಅಂದರೆ ಇನ್ನೂ ಏನೋ ಕೂತಿದೆ. ಪರೀಕ್ಷೆ ಮುಗಿದ ಮೇಲೆ ಎಲೆಕ್ಟ್ರೋಡನ್ನು ಅದರಲ್ಲೇ ಬಿಟ್ಟು ಊಟಕ್ಕೆ ಹೋಗಬೇಡಿ. ಫೆರಿಸಯನೈಡ್‌ನಿಂದ ಬಿಡುಗಡೆಯಾಗುವ ಸಯನೈಡ್ ನಿಧಾನಕ್ಕೆ ಚಿನ್ನವನ್ನೇ ತಿನ್ನುತ್ತದೆ. ತೊಳೆದ ಚಿನ್ನವನ್ನು ‘ನಾಳೆ ನೋಡೋಣ’ ಅಂತ ಇಡಲೂ ಬೇಡಿ. ತೊಳೆದಿದ್ದು ಮಧ್ಯಾಹ್ನ ಆದರೆ ಥಯೋಲ್‌ನಲ್ಲಿ ಮುಳುಗಿಸುವುದೂ ಅದೇ ಮಧ್ಯಾಹ್ನ.

ಬಾಗಲಕೋಟೆಯಿಂದ ಲ್ಯಾಬ್ ಸಹಾಯಕ. ಮೇಡಂ, ನಮ್ಮಲ್ಲಿ ಚಿನ್ನದ ಚಿಪ್ ತೊಳೆಯಲು ಪಿರಾನಾ ದ್ರಾವಣ ಮಾಡುತ್ತಾರೆ. ಉಳಿದದ್ದನ್ನು ಬಾಟಲಿಯಲ್ಲಿ ಮುಚ್ಚಿಟ್ಟು ಮರುದಿನ ಬಳಸಬಹುದಾ? ಪ್ರಿಂಟ್ ಮಾಡಿದ ಎಲೆಕ್ಟ್ರೋಡಿಗೂ ಹಾಕಬಹುದಾ?

ಬೇಡ. ದಯವಿಟ್ಟು ಬೇಡ. ಈ ಪುಟ ಓದುತ್ತಿರುವಾಗಲೇ ಅಂಥ ಬಾಟಲಿ ಇದ್ದರೆ ಅದನ್ನು ಕೈಯಲ್ಲಿ ಎತ್ತಬೇಡಿ, ಅಲ್ಲಾಡಿಸಬೇಡಿ. ಹತ್ತಿರ ಯಾರನ್ನೂ ಬಿಡದೆ ಮೊದಲು ಲ್ಯಾಬ್ ಹೊಣೆಗಾರರಿಗೆ ತಿಳಿಸಿ.

ಪಿರಾನಾ ಅಂದರೆ ಮೂರು ಪಾಲು ಗಟ್ಟಿ ಸಲ್ಫ್ಯೂರಿಕ್ ಆ್ಯಸಿಡ್, ಒಂದು ಪಾಲು 30 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಬೆರೆಸಿದ ಕೂಡಲೇ ತಾನೇ ಕಾದು 100 ಡಿಗ್ರಿ ದಾಟುತ್ತದೆ. ಜೊತೆಗೆ ಗ್ಯಾಸ್ ಬಿಡುತ್ತಲೇ ಇರುತ್ತದೆ. ಮುಚ್ಚಿದ ಬಾಟಲಿಯಲ್ಲಿ ಆ ಗ್ಯಾಸ್ ಎಲ್ಲಿ ಹೋಗಬೇಕು? ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಲ್ಯಾಬಿನಲ್ಲಿ ಸಂಜೆ ಉಳಿದ ಪಿರಾನಾವನ್ನು ಯಾರೋ ಮುಚ್ಚಳ ತಿರುಗಿಸಿ ಕಪಾಟಿನಲ್ಲಿಟ್ಟು ಹೋಗಿದ್ದರು. ಬೆಳಗ್ಗೆ ಬಾಗಿಲು ತೆಗೆದರೆ ಕಪಾಟಿನ ಬಾಗಿಲು ಕಿತ್ತು ಬಿದ್ದಿತ್ತು, ಗಾಜು ಎದುರಿನ ಗೋಡೆಗೆ ಚುಚ್ಚಿತ್ತು. ರಾತ್ರಿ ಅಲ್ಲಿ ಯಾರೂ ಇರಲಿಲ್ಲ. ಅದೊಂದೇ ಪುಣ್ಯ. ಇವತ್ತಿಗೂ ಆ ಗೋಡೆ ನನ್ನ ಕಣ್ಣ ಮುಂದಿದೆ.

ಮಾಡಲೇಬೇಕಾದರೆ ಫ್ಯೂಮ್ ಹುಡ್ (ಹೊಗೆ ಹೊರಗೆ ಎಳೆಯುವ ಗೂಡು) ಒಳಗೆ, ಗಾಜಿನ ಪಾತ್ರೆಯಲ್ಲಿ, ಬೇಕಾದಷ್ಟೇ ಮಾಡಿ. ಆ್ಯಸಿಡ್ ಮೊದಲು, ಅದಕ್ಕೆ ಪೆರಾಕ್ಸೈಡ್ ನಿಧಾನವಾಗಿ. ಮುಖಕ್ಕೆ ಪೂರ್ತಿ ಶೀಲ್ಡ್, ದಪ್ಪ ಆ್ಯಸಿಡ್ ಗ್ಲೌಸ್, ಏಪ್ರನ್. ಒಬ್ಬರೇ ಇರುವಾಗ ಬೇಡ. ಅಸಿಟೋನ್‌ನಿಂದ ತೊಳೆದ ಚಿಪ್ಪನ್ನು ಒಣಗಿಸದೆ ಅದರಲ್ಲಿ ಇಟ್ಟರೆ ಸ್ಫೋಟವಾಗಬಹುದು. ಜಿಡ್ಡನ್ನು ಮೊದಲೇ ಬೇರೆ ರೀತಿ ತೆಗೆದು, ಕೊನೆಗೆ ಉಳಿದ ಚೂರು ಕೊಳೆಗೆ ಮಾತ್ರ ಪಿರಾನಾ. ಮುಗಿದ ಮೇಲೆ ತೆರೆದ ಪಾತ್ರೆಯಲ್ಲೇ, ಹುಡ್‌ನಲ್ಲೇ, ಹೆಸರು ಬರೆದು ರಾತ್ರಿಯಿಡೀ ತಣ್ಣಗಾಗಲು ಬಿಡಿ.

ಪ್ರಿಂಟ್ ಮಾಡಿದ ಎಲೆಕ್ಟ್ರೋಡಿಗೆ ಇದು ಆಗಲ್ಲ. ಅದರ ಚಿನ್ನ ಶಾಯಿಯ ರೂಪದಲ್ಲಿರುತ್ತದೆ, ಪಕ್ಕದಲ್ಲೇ ಬೆಳ್ಳಿಯ ರೆಫರೆನ್ಸ್ ಇರುತ್ತದೆ, ಎರಡೂ ಹಾಳಾಗುತ್ತವೆ. ಅದಕ್ಕೆ ತೆಳು ಸಲ್ಫ್ಯೂರಿಕ್ ಆ್ಯಸಿಡ್‌ನಲ್ಲಿ ಕೆಲವೇ ಸುತ್ತು ಸಾಕು. ಗಾಜಿನ ಮೇಲಿನ ಚಿನ್ನಕ್ಕೆ ಯುವಿ-ಓಝೋನ್ ಪೆಟ್ಟಿಗೆ (ನೇರಳಾತೀತ ಬೆಳಕು, ಓಝೋನ್‌ನಿಂದ ಕೊಳೆ ತೆಗೆಯುವುದು) ಇದ್ದರೆ ಪಿರಾನಾವನ್ನು ಮರೆತೇ ಬಿಡಿ. ಹತ್ತಿಪ್ಪತ್ತು ನಿಮಿಷ ಇಟ್ಟರೆ ಇಂಗಾಲದ ಕೊಳೆ ಹೋಗುತ್ತದೆ. ಅದು ಚಿನ್ನದ ಮೇಲೆ ತೆಳು ಆಕ್ಸೈಡ್ ಬಿಡುತ್ತದೆ, ಹೊರತೆಗೆದ ಮೇಲೆ ಸ್ವಲ್ಪ ಹೊತ್ತು ಎಥನಾಲ್‌ನಲ್ಲಿ ಇಟ್ಟರೆ ಅದೂ ಇಳಿಯುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ಅಕ್ಕಾರ, ಹಣ್ಣಿನಲ್ಲಿ ಔಷಧದ ಅಂಶ ಉಳಿದಿದೆಯಾ ಅಂತ ಹೇಳುವ ಚಿಪ್ ಬರುತ್ತದೆ ಅಂತ ಕೃಷಿ ಮೇಳದಲ್ಲಿ ಕೇಳಿದೆ. ಒಂದೇ ಚಿಪ್ ತೊಳೆದು ತೊಳೆದು ಇಡೀ ತೋಟಕ್ಕೆ ಬಳಸಬಹುದಾ?

ಕಾಕಾ, ಒಳ್ಳೆಯ ಪ್ರಶ್ನೆ. ಇಲ್ಲಿ ತೊಳೆಯುವುದು ಅಂದರೆ ಮೇಲೆ ಹೇಳಿದ್ದಲ್ಲ. ಮೇಲೆ ನಾವು ಮನೆಯನ್ನೇ ಕೆಡವಿ ಜಾಗ ಬಯಲು ಮಾಡಿದೆವು. ನಿಮ್ಮ ಚಿಪ್‌ನಲ್ಲಿ ಮನೆ ಹಾಗೇ ಇರಬೇಕು, ಬಂದ ಬೀಗರು ಮಾತ್ರ ಎದ್ದು ಹೋಗಬೇಕು. ಬೀಗರು ಅಂದರೆ ಔಷಧದ ಅಣು, ಮನೆಯವರು ಅಂದರೆ ಅದನ್ನು ಹಿಡಿಯುವ ಪ್ರತಿಕಾಯ. ಪ್ರತಿಕಾಯದ ಚಿಪ್ ಆದರೆ ಸಾಮಾನ್ಯವಾಗಿ ಪಿಎಚ್ 2ರ ಹತ್ತಿರದ, ಅಂದರೆ ಚೆನ್ನಾಗಿ ಹುಳಿಯಾದ, ಗ್ಲೈಸಿನ್ ದ್ರಾವಣವನ್ನು ಅರ್ಧ ನಿಮಿಷ, ಒಂದು ನಿಮಿಷ ಹಾಯಿಸುತ್ತಾರೆ, ಹಿಡಿತ ಸಡಿಲವಾಗುತ್ತದೆ. ಡಿಎನ್‌ಎ ಚಿಪ್ ಆದರೆ ಗಟ್ಟಿ ಯೂರಿಯಾ ದ್ರಾವಣ ನಡೆಯುತ್ತದೆ. ಹೌದು, ನೀವು ಹೊಲಕ್ಕೆ ಹಾಕುವ ಅದೇ ಯೂರಿಯಾ ಅಣು, ಶುದ್ಧ ರೂಪದ್ದು. ಪ್ರತಿ ತೊಳೆತಕ್ಕೂ ಮನೆಯವರಲ್ಲೂ ಒಬ್ಬಿಬ್ಬರು ಹೋಗುತ್ತಾರೆ. ಹಾಗಾಗಿ ಪ್ರತಿ ಸಲ ತೊಳೆದ ಮೇಲೆ ಔಷಧವೇ ಇಲ್ಲದ ಮಾದರಿ ಒಂದು, ಗೊತ್ತಿರುವ ಪ್ರಮಾಣದ ಮಾದರಿ ಒಂದು ಹಾಕಿ ನೋಡಬೇಕು. ಇಲ್ಲದ್ದಕ್ಕೆ ‘ಇದೆ’ ಅಂದರೆ ಹಿಂದಿನ ಬೀಗರು ಇನ್ನೂ ಒಳಗಿದ್ದಾರೆ. ಇರುವುದಕ್ಕೆ ಕಡಿಮೆ ತೋರಿಸಿದರೆ ಮನೆ ಖಾಲಿಯಾಗುತ್ತಿದೆ.

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಔಷಧ ಹುಡುಕುವ ಕೆಲವು ಚಿಪ್‌ಗಳಲ್ಲಿ ಕಿಣ್ವ ಇರುತ್ತದೆ. ಅಲ್ಲಿ ಔಷಧ ಕಿಣ್ವವನ್ನೇ ಕಟ್ಟಿಹಾಕುತ್ತದೆ, ಸುಮ್ನೆ ತೊಳೆದರೆ ಬಿಡೋದಿಲ್ಲ. ಪ್ರಾಲಿಡಾಕ್ಸಿಮ್ ಅಂತ ಒಂದು ಔಷಧ ಇದೆ, ಇಂಥ ಕೀಟನಾಶಕ ಕುಡಿದವರಿಗೆ ಆಸ್ಪತ್ರೆಯಲ್ಲಿ ಅದನ್ನೂ ಕೊಡುವುದುಂಟು. ಅದು ಚಿಪ್ಪಿನ ಕಿಣ್ವವನ್ನೂ ಸ್ವಲ್ಪ ಮಟ್ಟಿಗೆ ಬಿಡಿಸುತ್ತದೆ. ತಡವಾದಷ್ಟೂ ಬಿಡಿಸುವುದು ಕಷ್ಟ.

ನಿಮ್ಮ ತೋಟಕ್ಕೆ ಸಂಬಂಧಪಟ್ಟ ಒಂದು ವಿಷಯ ಚಿಪ್ ಮಾಡುವವರಿಗೂ ತಲುಪಬೇಕು. ಬೂದಿ ರೋಗಕ್ಕೆ ಗಂಧಕ ಹೊಡೆಯುತ್ತೀರಿ. ದವಣಿ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಗಂಧಕಕ್ಕೂ ಚಿನ್ನಕ್ಕೂ ಎಂಥ ನಂಟು ಅಂತ ಮೇಲೆ ಓದಿದಿರಿ. ಹಣ್ಣಿನ ಮೇಲಿನ ಗಂಧಕ ಚಿಪ್ಪಿನ ಬೋಳು ಜಾಗದಲ್ಲಿ ನೇರವಾಗಿ ಹೋಗಿ ಕೂರಬಹುದು. ಮೈಲುತುತ್ತದ ತಾಮ್ರವೂ ವೋಲ್ಟೇಜ್ ಕೊಟ್ಟಾಗ ಚಿನ್ನದ ಮೇಲೆ ಪದರ ಕಟ್ಟುತ್ತದೆ. ಶುದ್ಧ ನೀರಿನಲ್ಲಿ ಚೆನ್ನಾಗಿ ನಡೆದ ಚಿಪ್ ದ್ರಾಕ್ಷಿ ರಸದಲ್ಲಿ ಮುಗ್ಗರಿಸಲು ಇಂಥವೂ ಕಾರಣ. ಆದ್ದರಿಂದ ಮೇಳದಲ್ಲಿ ಯಾರಾದರೂ ಚಿಪ್ ತೋರಿಸಿದರೆ ‘ಗಂಧಕ ಹೊಡೆದ ಹಣ್ಣಿನಲ್ಲಿ ಹತ್ತು ಸಲ ತೊಳೆದು ತೋರಿಸಿ’ ಅಂತ ಕೇಳಿ. ರಫ್ತಿಗೆ ಹೋಗುವ ಮಾಲಿಗೆ ಲ್ಯಾಬ್ ಪರೀಕ್ಷೆ ಹೇಗೂ ಬೇಕೇ ಬೇಕು.

ಜಮಖಂಡಿಯಿಂದ ಗೃಹಿಣಿ. ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಶುಗರ್ ನೋಡುವ ಸ್ಟ್ರಿಪ್ ತುಟ್ಟಿ. ಅದನ್ನು ತೊಳೆದು ಬಳಸಬಹುದಾ?

ಇಲ್ಲಮ್ಮ. ಸ್ಟ್ರಿಪ್‌ನಲ್ಲಿ ಒಣಗಿಸಿಟ್ಟ ಕಿಣ್ವ ಇರುತ್ತದೆ, ರಕ್ತ ತಾಗಿದ ಕೂಡಲೇ ಅದು ಕರಗಿ ಕೆಲಸ ಮುಗಿಸುತ್ತದೆ. ತೊಳೆದರೆ ಉಳಿಯುವುದು ಬರೀ ಪಟ್ಟಿ. ಮೀಟರ್ ಏನಾದರೂ ಸಂಖ್ಯೆ ತೋರಿಸಿದರೂ ಅದನ್ನು ನಂಬಿ ಇನ್ಸುಲಿನ್ ಕೊಡುವುದು ಅಪಾಯ. ದಿನಕ್ಕೆ ಎಷ್ಟು ಸಲ ನೋಡಬೇಕು ಅಂತ ಡಾಕ್ಟರನ್ನು ಕೇಳಿ, ಅನಗತ್ಯ ಪರೀಕ್ಷೆ ಇದ್ದರೆ ಅದರಲ್ಲಿ ಉಳಿತಾಯ ಮಾಡಿ.

ಬಾಗಲಕೋಟೆಯ ಕಾಲೇಜು ಉಪನ್ಯಾಸಕ. ಚಿನ್ನದ ಎಲೆಕ್ಟ್ರೋಡ್ ಕೊಳ್ಳಲು ನಮ್ಮಲ್ಲಿ ದುಡ್ಡಿಲ್ಲ. ಹಳೆ ಸಿಡಿಯಿಂದ ಮಾಡಬಹುದು ಅಂತ ಕೇಳಿದ್ದೇನೆ, ನಿಜವಾ?

ನಿಜ ಸರ್. 2000ದಲ್ಲಿ ಬ್ರೆಜಿಲ್‌ನ ಲೂಸಿಯೊ ಆಂಗ್ನೆಸ್ ಮತ್ತು ಸಂಗಡಿಗರು ರೆಕಾರ್ಡ್ ಮಾಡುವ ಚಿನ್ನದ ಸಿಡಿಯಿಂದ ಎಲೆಕ್ಟ್ರೋಡ್ ಮಾಡುವುದನ್ನು ಪ್ರಕಟಿಸಿದರು. ಎಲ್ಲ ಸಿಡಿಯೂ ಆಗಲ್ಲ, ಬಹುಪಾಲು ಸಿಡಿಗಳಲ್ಲಿ ಇರುವುದು ಅಲ್ಯುಮಿನಿಯಂ ಅಥವಾ ಬೆಳ್ಳಿ. ಹಳೆ ದಾಖಲೆ ಇಡಲು ಮಾಡಿದ ಚಿನ್ನದ ಸಿಡಿಯೇ ಬೇಕು. ಅದರ ಮೇಲಿನ ರಕ್ಷಣೆಯ ವಾರ್ನಿಶ್ ಪದರವನ್ನು ಗಟ್ಟಿ ನೈಟ್ರಿಕ್ ಆ್ಯಸಿಡ್‌ನಿಂದ, ಹುಡ್ ಒಳಗೆ, ಎಚ್ಚರದಿಂದ ಬಿಡಿಸುತ್ತಾರೆ. ಚಿನ್ನ ನೈಟ್ರಿಕ್‌ಗೆ ಜಗ್ಗೋದಿಲ್ಲ, ಹಾಗೇ ಉಳಿಯುತ್ತದೆ. ಚೆನ್ನಾಗಿ ತೊಳೆದು, ಕತ್ತರಿಸಿ, ಬೇಕಾದ ಜಾಗ ಬಿಟ್ಟು ಉಳಿದಿದ್ದನ್ನು ಮುಚ್ಚಿದರೆ ಎಲೆಕ್ಟ್ರೋಡ್ ಸಿದ್ಧ.

ಇದನ್ನು ಅಲ್ಯುಮಿನಾದಿಂದ ಉಜ್ಜಬೇಡಿ, ಪದರ ತುಂಬ ತೆಳು. ಆ್ಯಸಿಡ್ ಸುತ್ತುಗಳೂ ಕಡಿಮೆ ಇರಲಿ. ಎಷ್ಟು ಸಲ ಬಳಸಬಹುದು ಅನ್ನುವುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ: ಪ್ರತಿ ತೊಳೆತದ ನಂತರ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿಯಲು ಹೇಳಿ. ಅಷ್ಟು ತೆಳುವಾದ ಚಿನ್ನದ ಮೂಲಕ ಬೆಳಕು ನಸು ಹಸಿರಾಗಿ ಬರುತ್ತದೆ. ಹಸಿರಿನ ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡರೆ ಅಲ್ಲಿ ಚಿನ್ನ ಹೋಗಿದೆ, ಆ ತುಂಡನ್ನು ಎತ್ತಿಟ್ಟು ಮುಂದಿನದನ್ನು ತೆಗೆದುಕೊಳ್ಳಿ.